ಮರ್ಮೇಡ್ ಇನ್‌ನಲ್ಲಿ ಕಸ್ಟಮ್ಸ್ ಮಾವ

ಶುಕ್ರವಾರ

ಲಂಡನ್‌ನ ಸೇಂಟ್ ಪ್ಯಾಂಕ್ರಸ್‌ನಿಂದ ಆಶ್‌ಫರ್ಡ್‌ಗೆ ರೈಲಿನಲ್ಲಿ 40 ನಿಮಿಷ ಕೂಡ ಹಿಡಿಯುವುದಿಲ್ಲ. ಅಲ್ಲಿಗೆ ಅವಸರ ಮುಗಿಯಿತು. ಪ್ಲಾಟ್‌ಫಾರಂ ಬದಲಿಸಿ ಪುಟ್ಟ ಡೀಸೆಲ್ ರೈಲು ಹತ್ತಬೇಕು. ಮಾರ್ಷ್‌ಲಿಂಕ್ ಅನ್ನುವ ಈ ಲೈನಿಗೆ ಇನ್ನೂ ಕರೆಂಟು ಬಂದಿಲ್ಲ. ಕಿಟಕಿಯಾಚೆ ಎತ್ತ ನೋಡಿದರೂ ಚಪ್ಪಟೆ ಹುಲ್ಲುಗಾವಲು, ನಡುನಡುವೆ ನೀರು ಹರಿಯುವ ಸಣ್ಣ ಕಾಲುವೆಗಳು, ಬೇಕಾದಷ್ಟು ಕುರಿ. ಇದೇ ರಾಮ್ನಿ ಮಾರ್ಷ್. ಒಂದು ಕಾಲಕ್ಕೆ ಇದರ ಬಹುಪಾಲು ಉಪ್ಪುನೀರಿನ ಕೆಸರು. ಜನ ನೂರಾರು ವರ್ಷ ಒಡ್ಡು ಕಟ್ಟಿ ಕಟ್ಟಿ ಸಮುದ್ರದಿಂದ ಕಿತ್ತುಕೊಂಡ ನೆಲ.

ಹೊರಟಿದ್ದು ರೈ ಎಂಬ ಊರಿಗೆ. ನಾನು, ನನ್ನ ಗಂಡ, ಮತ್ತು ಊರಿಂದ ಬಂದಿದ್ದ ಮಾವ. ಅತ್ತೆ ಮೊಮ್ಮಗಳ ಜೊತೆ ಮನೆಯಲ್ಲೇ ಉಳಿದರು. "ಹಳೇ ಮನೆ ನೋಡ್ಲಿಕ್ಕೆ ಅಷ್ಟು ದೂರ ಯಾಕೆ? ನಮ್ಮದೇ ಉಂಟಲ್ಲ, ಅದರ ಮಾಡೂ ಸೋರ್ತದೆ" ಅಂದರು. ಮಾವನಿಗೆ ಮಾತ್ರ ಹಳೇ ಕಟ್ಟಡದ ಆಸೆ ಇರಲಿಲ್ಲ. ಅವರು ಮಂಗಳೂರಿನಲ್ಲಿ ಕಸ್ಟಮ್ಸ್ ಪ್ರಿವೆಂಟಿವ್ ಆಫೀಸರ್ ಆಗಿದ್ದವರು. ನಾವು ಹೋಗುವ ಮರ್ಮೇಡ್ ಇನ್ ಎಂಬ ಹಳೇ ತಂಗುಮನೆ ಇಂಗ್ಲೆಂಡಿನ ಹೆಸರಾಂತ ಕಳ್ಳಸಾಗಣೆಗಾರರ ಅಡ್ಡೆಯಾಗಿತ್ತು ಅಂತ ಇವರು ಹೇಳಿದ ಮೇಲೇ ಮಾವ ಸ್ವೆಟರ್ ಹುಡುಕಲು ಎದ್ದದ್ದು.

ಸ್ಟೇಷನ್ನಿನಿಂದ ಊರು ಮೇಲಕ್ಕೆ ಏರುತ್ತದೆ. ರೈ ಇರುವುದು ಗುಡ್ಡದ ಮೇಲೆ. ಮಧ್ಯಯುಗದಲ್ಲಿ ಈ ಗುಡ್ಡದ ಸುತ್ತಲೂ ಹೆಚ್ಚುಕಡಿಮೆ ನೀರೇ ಇತ್ತು, ಇದು ದೊಡ್ಡ ಬಂದರು. ಸಿಂಕ್ ಪೋರ್ಟ್ಸ್ ಅಂತ ಆಗ್ನೇಯ ಕರಾವಳಿಯ ಬಂದರುಗಳ ಒಂದು ಕೂಟವಿತ್ತು. ರಾಜನಿಗೆ ಬೇಕೆಂದಾಗ ಹಡಗು, ನಾವಿಕರನ್ನು ಕೊಡುವುದು, ಅದಕ್ಕೆ ಬದಲಾಗಿ ಕೆಲವು ತೆರಿಗೆಗಳ ವಿನಾಯಿತಿ, ತಮ್ಮದೇ ನ್ಯಾಯಾಲಯ ಇಂಥ ಸೌಲಭ್ಯ ಪಡೆಯುವುದು. ರೈ ಆ ಕೂಟದಲ್ಲಿತ್ತು. "ಅಂದರೆ ಸರ್ಕಾರವೇ ಇವರಿಗೆ ಮೊದಲು ಸುಂಕ ತಪ್ಪಿಸ್ಲಿಕ್ಕೆ ಕಲಿಸಿದ್ದು" ಅಂತ ಮಾವ ಸ್ಟೇಷನ್ ದಾಟುವ ಮೊದಲೇ ತೀರ್ಪು ಕೊಟ್ಟರು.

ಮರ್ಮೇಡ್ ಸ್ಟ್ರೀಟ್‌ನ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಕ್ಯಾಲೆಂಡರಿನಲ್ಲಿ, ಬಿಸ್ಕೆಟ್ ಡಬ್ಬಿಯ ಮೇಲೆ ಬರುವ ಬೀದಿ. ಗುಂಡುಕಲ್ಲು ಹಾಸಿದ ಇಳಿಜಾರು, ಎರಡೂ ಬದಿಯಲ್ಲಿ ಒಂದಕ್ಕೊಂದು ಒರಗಿ ನಿಂತ ಮನೆಗಳು. ಮನೆಗಳಿಗೆ ನಂಬರಿನ ಜೊತೆಗೆ ತಮಾಷೆಯ ಹೆಸರುಗಳೂ ಇವೆ: ಎರಡು ಬಾಗಿಲ ಮನೆ, ಕೂರುವ ಕಟ್ಟೆಯ ಮನೆ. ಇನ್‌ಗೆ ಎದುರಾಗಿರುವ ಮನೆಯ ಹೆಸರು ಸುಮ್ನೆ 'ಎದುರು ಮನೆ'. ಫೋಟೋದಲ್ಲಿ ತಿಳಿಯದ ಸಂಗತಿ ಏನೆಂದರೆ ಈ ಕಲ್ಲುಗಳ ಮೇಲೆ ನಡೆಯುವುದು ಭಾರೀ ಕಷ್ಟ. ಚಕ್ರದ ಸೂಟ್‌ಕೇಸನ್ನು ಇವರು ತಲೆ ಮೇಲೆ ಹೊತ್ತು ಇಳಿದರು.

ಬೀದಿಯ ಮಧ್ಯದಲ್ಲಿ ಮರ್ಮೇಡ್ ಇನ್. ಕಪ್ಪು ತೊಲೆ, ಬಿಳಿ ಗೋಡೆ, ಮುಂಭಾಗದ ತುಂಬ ಬಳ್ಳಿ. ನೆಲಮಾಳಿಗೆ 1156ರದ್ದು ಎನ್ನುತ್ತಾರೆ. ಅದರ ಮೇಲಿದ್ದ ಮೊದಲ ಕಟ್ಟಡ ಉಳಿದಿಲ್ಲ. 1377ರಲ್ಲಿ ಫ್ರೆಂಚರು ಕಡಲಿನಿಂದ ದಾಳಿ ಮಾಡಿ ಇಡೀ ಊರಿಗೆ ಬೆಂಕಿ ಹಚ್ಚಿದರು. ಊರು ಹೆಚ್ಚಾಗಿ ಮರದ್ದು, ಉರಿದುಹೋಯಿತು. ಹೋಗುವಾಗ ಚರ್ಚಿನ ಗಂಟೆಗಳನ್ನೂ ಹೊತ್ತುಕೊಂಡು ಹೋದರು. ಮರುವರ್ಷ ರೈ ಮತ್ತು ಪಕ್ಕದ ವಿಂಚೆಲ್ಸಿಯವರು ಸೇರಿ ನಾರ್ಮಂಡಿಗೆ ಹಡಗು ಕಟ್ಟಿಕೊಂಡು ಹೋಗಿ, ಅಲ್ಲಿನ ಊರುಗಳನ್ನು ಸುಟ್ಟು, ಗಂಟೆಗಳನ್ನು ವಾಪಸ್ ತಂದರಂತೆ. ಈಗ ನಾವು ನೋಡುವ ಇನ್ 1420ರಲ್ಲಿ ಮತ್ತೆ ಕಟ್ಟಿದ್ದು, 16ನೇ ಶತಮಾನದಲ್ಲಿ ಬೆಳೆಸಿದ್ದು.

ಕಟ್ಟಿದ ರೀತಿ ನಮಗೆ ಹೊಸದೇನಲ್ಲ. ಓಕ್ ಮರದ ಕಂಬ, ತೊಲೆಗಳ ಚೌಕಟ್ಟು. ನಡುವಿನ ಜಾಗಕ್ಕೆ ಕಡ್ಡಿ ಹೆಣೆದು, ಅದರ ಮೇಲೆ ಮಣ್ಣು, ಸೆಗಣಿ, ಹುಲ್ಲು ಕಲಸಿ ಮೆತ್ತುತ್ತಿದ್ದರು. ಓಕ್ ಒಣಗಿದ ಮೇಲೆ ಉಳಿ ತಾಗದಷ್ಟು ಗಟ್ಟಿ. ಹಾಗಾಗಿ ಹಸಿ ಮರವನ್ನೇ ಕೆತ್ತಿ ಜೋಡಿಸುತ್ತಿದ್ದರು. ಜೋಡಿಸಿದ ಮೇಲೆ ಅದು ನಿಧಾನವಾಗಿ ಒಣಗುತ್ತಾ, ತಿರುಚುತ್ತಾ, ಮನೆಯನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ನಮ್ಮ ರೂಮಿನ ನೆಲ ಬಾಗಿಲಿನಿಂದ ಕಿಟಕಿಗೆ ಎಷ್ಟು ಇಳಿಜಾರಾಗಿತ್ತೆಂದರೆ ಮಾವನ ಕನ್ನಡಕದ ಡಬ್ಬಿ ಜಾರಿ ಮಂಚದ ಕೆಳಗೆ ಹೋಯಿತು. ಲಿಫ್ಟ್ ಇಲ್ಲ. ತೊಲೆಗಳು ತಗ್ಗಿನಲ್ಲಿವೆ. ನನ್ನ ಎತ್ತರದವರಿಗೆ ತೊಂದರೆ ಇಲ್ಲ, ಇವರ ಹಣೆ ಮಾತ್ರ ರಾತ್ರಿಯೊಳಗೆ ಎರಡು ಕಡೆ ಊದಿತ್ತು.

ರಾತ್ರಿ ಊಟ ಕೆಳಗಿನ ಬಾರ್‌ನಲ್ಲಿ. ಜೈಂಟ್ಸ್ ಫೈರ್‌ಪ್ಲೇಸ್ ಬಾರ್ ಅಂತ ಹೆಸರು. ನಿಜಕ್ಕೂ ದೈತ್ಯ ಒಲೆಯೇ, ಅದರ ಬಾಯಿಯೊಳಗೆ ನಾಲ್ಕು ಜನ ಕುರ್ಚಿ ಹಾಕಿಕೊಂಡು ಕೂರಬಹುದು. ಮೀನಿನ ಪಟ್ಟಿಯಲ್ಲಿ ಸೋಲ್ ಇತ್ತು. ತಟ್ಟೆ ಬಂದ ಕೂಡಲೇ ಮಾವ "ಇದು ನಮ್ಮ ನಂಗ್ ಅಲ್ವಾ! ಇದಕ್ಕೆ ಬೆಣ್ಣೆ ಯಾಕೆ ಹಾಕಿದ್ರು?" ಅಂದರು. ಆದರೂ ಮುಳ್ಳು ಬಿಟ್ಟು ಏನೂ ಉಳಿಸಲಿಲ್ಲ.

ಶನಿವಾರ

ಬೆಳಿಗ್ಗೆ ಮೊದಲು ಸೇಂಟ್ ಮೇರಿ ಚರ್ಚಿಗೆ. ಅಲ್ಲಿನ ಗೋಪುರದ ಗಡಿಯಾರ 1560ರ ದಶಕದ ಆರಂಭದ್ದು, ಇವತ್ತಿಗೂ ನಡೆಯುತ್ತಿದೆ. ಆಮೇಲೆ ಸೇರಿಸಿದ ಅದರ ಉದ್ದನೆಯ ಲೋಲಕ ಚರ್ಚಿನ ಒಳಗೇ, ಜನರ ತಲೆಯ ಮೇಲೆ ತೂಗಾಡುತ್ತಿರುತ್ತದೆ. ಗೋಪುರ ಹತ್ತಿದರೆ ಊರಿನ ನಕ್ಷೆ ಪೂರ್ತಿ ಸಿಗುತ್ತದೆ. ಮೂರು ನದಿ, ಕೆಂಪು ಹೆಂಚಿನ ಮಾಡುಗಳು, ಆಚೆಗೆ ಹಸಿರು, ಅದರ ಆಚೆಗೆ ಎಲ್ಲೋ ಬೆಳ್ಳಗೆ ಒಂದು ಗೆರೆ. ಆ ಗೆರೆಯೇ ಸಮುದ್ರ. ಸುಮಾರು 3 ಕಿಲೋಮೀಟರ್ ದೂರ. ಬಂದರಿನ ಊರು ಅಂತ ಬಂದವರಿಗೆ ಇದೊಂದು ಮೋಸ ಅನ್ನಿಸಬಹುದು. ಅದರ ಕಥೆ ನಾಳೆ ಬರುತ್ತದೆ.

ಲ್ಯಾಂಡ್‌ಗೇಟ್ ಎಂಬ 14ನೇ ಶತಮಾನದ ಕೋಟೆ ಬಾಗಿಲು, ಈಪ್ರ್ ಟವರ್ ಎಂಬ ಹಳೆಯ ಕಾವಲು ಗೋಪುರ ನೋಡಿದೆವು. ಅಮೆರಿಕದಿಂದ ಬಂದು ನೆಲೆಸಿದ ಕಾದಂಬರಿಕಾರ ಹೆನ್ರಿ ಜೇಮ್ಸ್ 1898ರಿಂದ ಇದ್ದ ಲ್ಯಾಂಬ್ ಹೌಸ್ ಕೂಡ ಇಲ್ಲೇ. ಸಾಹಿತ್ಯದವರು ಅದಕ್ಕೇ ಬರುತ್ತಾರೆ. ನನಗೆ ಹಿಡಿಸಿದ್ದು ಆ ಮನೆ ಕಟ್ಟಿಸಿದ ಜೇಮ್ಸ್ ಲ್ಯಾಂಬ್‌ನ ಕಥೆ. ಅವನು ಈ ಊರಿಗೆ ಮತ್ತೆ ಮತ್ತೆ ಮೇಯರ್ ಆದವನು. 1726ರಲ್ಲಿ ದೊರೆ 1ನೇ ಜಾರ್ಜ್‌ನ ಹಡಗು ಬಿರುಗಾಳಿಗೆ ಸಿಕ್ಕಿ ಪಕ್ಕದ ಕ್ಯಾಂಬರ್ ಮರಳಿಗೆ ಬಂದು ಬಿತ್ತು. ದೊರೆಗೆ ಮೇಯರ್ ಮನೆಯಲ್ಲೇ ಬಿಡಾರ. ಅದೇ ರಾತ್ರಿ ಮೇಯರನ ಹೆಂಡತಿಗೆ ಗಂಡುಮಗು ಹುಟ್ಟಿತು, ದೊರೆಯೇ ಧರ್ಮಪಿತನಾದ, ಮಗುವಿಗೆ ಜಾರ್ಜ್ ಅಂತಲೇ ಹೆಸರಿಟ್ಟರು. ಬಾಣಂತಿಯ ಮನೆಗೆ ದೊರೆ ನೆಂಟನಾಗಿ ಬಂದರೆ ಆ ಮನೆಯ ಹೆಂಗಸರ ಪಾಡು ಏನಾಗಿರಬೇಕು!

ಅದೇ ಲ್ಯಾಂಬ್‌ಗೆ ಇನ್ನೊಂದು ಕಥೆ ಅಂಟಿಕೊಂಡಿದೆ. ಇದರಲ್ಲಿ ಬರುವುದು ಊರಿನ ಇನ್ನೊಂದು ಇನ್, ಫ್ಲಶಿಂಗ್. ಅದರ ಮಾಲೀಕ ಜಾನ್ ಬ್ರೀಡ್ಸ್, ಕಸುಬಿನಲ್ಲಿ ಕಟುಕ. ತೂಕದಲ್ಲಿ ಮೋಸ ಮಾಡಿದ ಅಂತ ಮೇಯರ್ ಲ್ಯಾಂಬ್ ಇವನಿಗೆ ದಂಡ ಹಾಕಿದ್ದ. ಸೇಡು ತೀರಿಸಲು 1743ರಲ್ಲಿ ಬ್ರೀಡ್ಸ್ ರಾತ್ರಿ ಚರ್ಚಿನ ಅಂಗಳದಲ್ಲಿ ಕಾದು ಕೂತ. ಬಂದದ್ದು ಲ್ಯಾಂಬ್ ಅಲ್ಲ, ಅವನ ಕೆಂಪು ನಿಲುವಂಗಿ ಹಾಕಿಕೊಂಡಿದ್ದ ನೆಂಟ ಆಲನ್ ಗ್ರೆಬೆಲ್. ಕತ್ತಲಲ್ಲಿ ಇರಿದದ್ದು ಅವನನ್ನು. ವಿಚಾರಣೆಗೆ ಕೂತ ನ್ಯಾಯಾಧೀಶ ಯಾರು? ಜೇಮ್ಸ್ ಲ್ಯಾಂಬ್! ಕೊಲ್ಲಬೇಕೆಂದಿದ್ದವನನ್ನೇ ಲ್ಯಾಂಬ್ ಗಲ್ಲಿಗೆ ಕಳಿಸಿದ. ಹೆಣವನ್ನು ಕಬ್ಬಿಣದ ಪಂಜರದಲ್ಲಿಟ್ಟು ಊರಾಚೆ ತೂಗುಹಾಕಿದರು. ಆ ಪಂಜರ, ಒಳಗೊಂದು ತಲೆಬುರುಡೆಯ ಚೂರು, ಇಂದಿಗೂ ಟೌನ್ ಹಾಲ್‌ನಲ್ಲಿದೆ. ನಾವು ನೋಡಲಿಲ್ಲ. ನೋಡಬೇಕು ಅನ್ನಿಸಲೂ ಇಲ್ಲ.

ಮಧ್ಯಾಹ್ನ ಮರ್ಮೇಡ್ ಸ್ಟ್ರೀಟ್‌ಗೆ ಮರಳುವಾಗ ಜೀಕ್ಸ್ ಹೌಸ್ ಎದುರು ನಿಂತೆವು. ಈಗ ಅದು ಅತಿಥಿಗಳು ತಂಗುವ ಮನೆ. 1689ರಲ್ಲಿ ಕಟ್ಟಿಸಿದಾಗ ಉಣ್ಣೆಯ ಗೋಡೌನು. ಕಟ್ಟಿಸಿದವನು ಸ್ಯಾಮುಯೆಲ್ ಜೀಕ್, ವ್ಯಾಪಾರಿ ಮತ್ತು ಜ್ಯೋತಿಷಿ. ಗ್ರಹಗತಿ ನೋಡಿ, ಜೂನ್ ತಿಂಗಳ ಒಂದು ಮಧ್ಯಾಹ್ನಕ್ಕೆ ಮುಹೂರ್ತ ಇಟ್ಟು, ಆ ಗಳಿಗೆಯ ಕುಂಡಲಿಯನ್ನು ಕಲ್ಲಿನಲ್ಲಿ ಕೆತ್ತಿಸಿ ಗೋಡೆಗೆ ಕೂರಿಸಿದ್ದಾನೆ. ಮಾವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಗೋಡೌನಿಗೂ ಜಾತಕವಾ? ಹಾಗಾದರೆ ಒಳಗಿದ್ದ ಮಾಲಿನ ಮೇಲೆ ಏನೋ ಹೆದರಿಕೆ ಇತ್ತು."

ಜೀಕ್ ಕಳ್ಳವ್ಯಾಪಾರ ಮಾಡಿದ ಅನ್ನಲು ನನ್ನ ಹತ್ತಿರ ಆಧಾರವಿಲ್ಲ. ಆದರೆ ಇಲ್ಲಿನ ಕಳ್ಳಸಾಗಣೆ ಶುರುವಾದದ್ದೇ ಉಣ್ಣೆಯಿಂದ. ಒಳಕ್ಕೆ ತರುವುದಲ್ಲ, ಹೊರಕ್ಕೆ ಸಾಗಿಸುವುದು. ರೈಲಿನಿಂದ ನೋಡಿದೆವಲ್ಲ, ಆ ಕುರಿಗಳ ಪೂರ್ವಜರ ಉಣ್ಣೆಗೆ ಫ್ರಾನ್ಸ್ ಮತ್ತು ಫ್ಲಾಂಡರ್ಸ್‌ನಲ್ಲಿ ಒಳ್ಳೆಯ ಬೆಲೆ. 1275ರಲ್ಲೇ ರಾಜ 1ನೇ ಎಡ್ವರ್ಡ್ ಉಣ್ಣೆಯ ರಫ್ತಿಗೆ ಸುಂಕ ಹಾಕಿದ. 17ನೇ ಶತಮಾನದಲ್ಲಿ, ಇಂಗ್ಲೆಂಡಿನ ನೇಕಾರರಿಗೆ ಉಣ್ಣೆ ಅಗ್ಗವಾಗಿ ಸಿಗಲಿ ಅಂತ, ರಫ್ತನ್ನೇ ನಿಷೇಧಿಸಿದರು. 1662ರ ಕಾನೂನಿನಲ್ಲಿ ಅದಕ್ಕೆ ಮರಣದಂಡನೆ. ಸಿಕ್ಕಿಬಿದ್ದರೆ ಹೇಗೂ ಗಲ್ಲು ಅಂದ ಮೇಲೆ ಎದುರು ಬಂದ ಅಧಿಕಾರಿಯನ್ನು ಕೊಂದರೂ ಶಿಕ್ಷೆ ಅಷ್ಟೇ. ಉಣ್ಣೆ ಸಾಗಿಸುತ್ತಿದ್ದವರು ಕೋವಿ ಹಿಡಿದದ್ದು ಈ ಲೆಕ್ಕಾಚಾರದಿಂದ. 18ನೇ ಶತಮಾನದ ಹೊತ್ತಿಗೆ ಉಣ್ಣೆ ಹೊತ್ತು ಹೋದ ದೋಣಿಗಳು ಬರುವಾಗ ಟೀ, ಬ್ರಾಂಡಿ, ಲೇಸ್ ಬಟ್ಟೆ, ತಂಬಾಕು ತರತೊಡಗಿದವು.

ಮರ್ಮೇಡ್ ಇನ್‌ನ ಕಥೆಯಲ್ಲಿ ಹಾಕ್‌ಹರ್ಸ್ಟ್ ಗ್ಯಾಂಗ್ ಬರುವುದು ಆಗ. ಹಾಕ್‌ಹರ್ಸ್ಟ್ ಇಲ್ಲಿಂದ ಉತ್ತರಕ್ಕಿರುವ ಒಂದು ಹಳ್ಳಿ. 1730 ಮತ್ತು 40ರ ದಶಕದಲ್ಲಿ ಈ ಗ್ಯಾಂಗು ಕೆಂಟ್, ಸಸೆಕ್ಸ್ ಕರಾವಳಿಯನ್ನು ಆಳಿತು ಅಂದರೂ ತಪ್ಪಿಲ್ಲ. ಬೇಕೆಂದಾಗ ನೂರಾರು ಜನರನ್ನು, ಕುದುರೆಗಳನ್ನು ಸೇರಿಸುವ ತಾಕತ್ತು ಇತ್ತು. ಹೊಲದ ಕೂಲಿಗೆ ವಾರದಲ್ಲಿ ಸಿಗುವಷ್ಟು ದುಡ್ಡು ಒಂದೇ ರಾತ್ರಿ ಮೂಟೆ ಹೊತ್ತರೆ ಸಿಗುತ್ತಿತ್ತು. ಹಾಗಾಗಿ ಹೊರುವವರಿಗೆ ಬರಗಾಲವಿರಲಿಲ್ಲ. ಮರ್ಮೇಡ್‌ನ ಕಿಟಕಿಯ ಪಕ್ಕ ಇವರು ಗುಂಡು ತುಂಬಿದ ಪಿಸ್ತೂಲುಗಳನ್ನು ಮೇಜಿನ ಮೇಲೆ ಇಟ್ಟುಕೊಂಡು, ಪೈಪು ಸೇದುತ್ತಾ, ಕುಡಿಯುತ್ತಾ ಕೂತಿರುತ್ತಿದ್ದರು, ಯಾವ ಮ್ಯಾಜಿಸ್ಟ್ರೇಟನೂ ಬಾಯಿ ತೆರೆಯುತ್ತಿರಲಿಲ್ಲ ಅಂತ ಕಣ್ಣಾರೆ ಕಂಡವರ ಮಾತು ಉಳಿದುಬಂದಿದೆ. ಇಲ್ಲಿಂದ ಹಿಂದಿನ ಬೀದಿಯ ಓಲ್ಡ್ ಬೆಲ್ ಪಬ್‌ಗೆ ಸುರಂಗ ಇತ್ತು ಎನ್ನುತ್ತಾರೆ. ಇನ್‌ನ ಒಂದು ರೂಮಿನಲ್ಲಿ ಪುಸ್ತಕದ ಕಪಾಟನ್ನು ತೆರೆದರೆ ಹಿಂದೆ ಗುಟ್ಟಿನ ಮೆಟ್ಟಿಲಿದೆ. ಆ ರೂಮಿಗೆ ಕಾದಂಬರಿಯೊಂದರಲ್ಲಿ ಬರುವ ಕಳ್ಳಸಾಗಣೆ ಪಾದ್ರಿಯ ಹೆಸರು ಇಟ್ಟಿದ್ದಾರೆ. ದೆವ್ವಗಳಂತೂ ಪ್ರತಿ ರೂಮಿಗೆ ಒಂದೊಂದು. ಬಿಳಿ ಸೀರೆಯ ಬದಲು ಬಿಳಿ ಗೌನು, ಅಷ್ಟೇ ವ್ಯತ್ಯಾಸ. ದೆವ್ವದ ಕಥೆ ಹೇಳುವವರು ಬೇರೆ ಬೇಕಾದಷ್ಟು ಇದ್ದಾರೆ, ಬಿಡಿ.

ರಾತ್ರಿ ಅದೇ ಒಲೆಯ ಮುಂದೆ ಕೂತು ಇವರು ಫೋನಿನಲ್ಲಿ ಓದುತ್ತಾ, ಗ್ಯಾಂಗಿನ ಮುಂದಿನ ಕಥೆಯನ್ನು ಮಾವನಿಗೆ ಹೇಳತೊಡಗಿದರು.

1747ರ ಶರತ್ಕಾಲದಲ್ಲಿ 'ಥ್ರೀ ಬ್ರದರ್ಸ್' ಎಂಬ ಹಡಗು ಸುಮಾರು 2 ಟನ್ ಟೀ ಹೊತ್ತು ಬರುವಾಗ ಕಸ್ಟಮ್ಸ್ ಕೈಗೆ ಸಿಕ್ಕಿತು. ಮಾಲನ್ನು ಡಾರ್ಸೆಟ್‌ನ ಪೂಲ್ ಊರಿನ ಕಸ್ಟಮ್ಸ್ ಹೌಸ್‌ನಲ್ಲಿ ಇಟ್ಟು ಬೀಗ ಹಾಕಿದರು. ಅಕ್ಟೋಬರಿನ ಒಂದು ರಾತ್ರಿ ಗ್ಯಾಂಗು ಕುದುರೆ ಏರಿ ಅಲ್ಲಿಗೆ ಹೋಯಿತು. ನಾಯಕ ಥಾಮಸ್ ಕಿಂಗ್ಸ್‌ಮಿಲ್.

"ಗೋಡೌನಿಗೆ ಗಾರ್ಡ್ ಇರಲಿಲ್ವಾ?" ಮಾವ ಕೇಳಿದರು.

ಎದುರಿಗೇ ನೌಕಾಪಡೆಯ ಹಡಗು ನಿಂತಿತ್ತು. ಫಿರಂಗಿಗಳು ಬಾಗಿಲ ಕಡೆಗೇ. ಗ್ಯಾಂಗು ಇಳಿತ ಬರುವ ತನಕ ಕಾಯಿತು. ನೀರು ಇಳಿದು ಹಡಗು ಕೆಳಗೆ ಹೋದ ಮೇಲೆ ಹಡಗುಕಟ್ಟೆ ಅಡ್ಡ ಬಂದು ಫಿರಂಗಿಗೆ ಗುರಿಯೇ ಸಿಗಲಿಲ್ಲ. ಬಾಗಿಲು ಒಡೆದರು, ಟೀ ಎಲ್ಲ ಹೇರಿಕೊಂಡರು, ಬ್ರಾಂಡಿ ಪೀಪಾಯಿಗಳನ್ನು ಅಲ್ಲೇ ಬಿಟ್ಟು ಹೋದರು.

ಮಾವ ನಕ್ಕುಬಿಟ್ಟರು. "ಬುದ್ಧಿವಂತರು! ಒಪ್ಪಬೇಕು."

ಆದರೆ ಮುಂದಿನದು ನಗುವಂಥದ್ದಲ್ಲ. ಮರಳುವ ದಾರಿಯಲ್ಲಿ ಫೋರ್ಡಿಂಗ್‌ಬ್ರಿಜ್ ಊರಿನ ಜನ ಮೆರವಣಿಗೆ ನೋಡಲು ಬೀದಿಗೆ ಬಂದು ನಿಂತಿದ್ದರು. ಅಲ್ಲಿ ಡೇನಿಯಲ್ ಚೇಟರ್ ಎಂಬ ಚಪ್ಪಲಿ ಹೊಲಿಯುವವನನ್ನು ಗ್ಯಾಂಗಿನ ಒಬ್ಬ ಗುರುತು ಹಿಡಿದು, ಹಳೇ ಪರಿಚಯಕ್ಕೆ ಒಂದು ಚೀಲ ಟೀ ಎಸೆದ. ಚೇಟರ್ ಸುಮ್ಮನಿರಲಿಲ್ಲ, ಊರಲ್ಲಿ ಹೇಳಿಕೊಂಡ. ಸುದ್ದಿ ಕಸ್ಟಮ್ಸ್‌ವರೆಗೆ ಹೋಯಿತು. 1748ರ ಫೆಬ್ರವರಿಯಲ್ಲಿ ವಿಲಿಯಂ ಗ್ಯಾಲಿ ಎಂಬ ವಯಸ್ಸಾದ ಕಸ್ಟಮ್ಸ್ ನೌಕರ ಚೇಟರನನ್ನು ಸಾಕ್ಷಿ ಹೇಳಿಸಲು ಮ್ಯಾಜಿಸ್ಟ್ರೇಟರ ಬಳಿಗೆ ಕರೆದುಕೊಂಡು ಹೊರಟ. ಚಳಿ, ಗೊತ್ತಿಲ್ಲದ ದಾರಿ. ರೋಲೆಂಡ್ಸ್ ಕ್ಯಾಸಲ್‌ನಲ್ಲಿ ವೈಟ್ ಹಾರ್ಟ್ ಎಂಬ ಇನ್‌ನಲ್ಲಿ ದಣಿವಾರಿಸಿಕೊಳ್ಳಲು ಇಳಿದರು. ಇನ್ ನಡೆಸುತ್ತಿದ್ದ ವಿಧವೆಗೆ ಇವರ ಮೇಲೆ ಅನುಮಾನ ಬಂತು. ಗ್ಯಾಂಗಿನವರಿಗೆ ಹೇಳಿಕಳಿಸಿದಳು. ಅವರು ಬಂದು ಇಬ್ಬರಿಗೂ ಕುಡಿಸಿ ಮಲಗಿಸಿ, ಜೇಬಿನಲ್ಲಿದ್ದ ಪತ್ರ ಓದಿದರು. ಆಮೇಲೆ ಇಬ್ಬರನ್ನೂ ಒಂದೇ ಕುದುರೆಗೆ ಕಟ್ಟಿ, ಮೈಲುಗಟ್ಟಲೆ ಚಾಟಿಯಿಂದ ಹೊಡೆಯುತ್ತಾ ಹೋದರು. ಗ್ಯಾಲಿಯನ್ನು ಹೂತರು. ಹೆಣ ಹೊರತೆಗೆದಾಗ ಕೈಗಳು ಮುಖದ ಮುಂದೆ ಇದ್ದವಂತೆ, ಅಂದರೆ ಹೂಳುವಾಗ ಜೀವ ಇದ್ದಿರಬೇಕು. ಚೇಟರನನ್ನು ದಿನಗಟ್ಟಲೆ ಸರಪಳಿಯಲ್ಲಿ ಕಟ್ಟಿಟ್ಟು, ಕೊನೆಗೆ ಬಾವಿಗೆ ನೂಕಿ ಮೇಲಿಂದ ಕಲ್ಲು ಹಾಕಿದರು.

ಇವರು ಓದುವುದು ನಿಲ್ಲಿಸಿದರು. ಮಾವ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

"ಸಾಕ್ಷಿಯನ್ನು ಕರಕೊಂಡು ಹೋಗುವಾಗ ಒಬ್ಬನೇ ಹೋಗಬಾರದಿತ್ತು" ಅಂದರು ಆಮೇಲೆ. "ಎಸ್ಕಾರ್ಟ್ ಕೊಡಬೇಕಿತ್ತು. ಮೇಲಿನವರ ತಪ್ಪು ಅದು. ಮತ್ತೆ ದಾರಿಯಲ್ಲಿ ಎಲ್ಲಿಯೂ ಊಟಕ್ಕೆ ಇಳಿಯಬಾರದು. ನಾವು ಗಾಡಿಯಲ್ಲೇ ಬಾಳೆಹಣ್ಣು ತಿಂದು ಹೋಗ್ತಿದ್ದೆವು. ಹೋಟೆಲಿನವನು ಯಾರ ಪೈಕಿ ಅಂತ ನಮಗೆ ಹೇಗೆ ಗೊತ್ತಾಗಬೇಕು?"

ಅವರ ಸರ್ವೀಸಿನ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ರಾತ್ರಿ ಇಳಿಯುತ್ತಿದ್ದದ್ದು ಚಿನ್ನದ ಬಿಸ್ಕೆಟ್, ವಾಚು, ಟೇಪ್ ರೆಕಾರ್ಡರ್. ಆ ಕಥೆಗಳನ್ನು ಅವರು ಯಾವತ್ತೂ ತಮಾಷೆಯಾಗಿಯೇ ಹೇಳುತ್ತಿದ್ದರು. ಬಾಳೆಹಣ್ಣಿನ ವಿಷಯ ನನಗೆ ಗೊತ್ತಾದದ್ದು ಅವತ್ತೇ. ಇವರಿಗೂ ಅವತ್ತೇ.

ಗ್ಯಾಂಗಿಗೂ ಕೊನೆ ಹತ್ತಿರ ಬಂದಿತ್ತು. ಪೂಲ್ ದರೋಡೆಗೂ ಮೊದಲೇ, 1747ರ ಏಪ್ರಿಲ್‌ನಲ್ಲಿ, ಗೌಡ್‌ಹರ್ಸ್ಟ್ ಎಂಬ ಹಳ್ಳಿಯವರು ತಿರುಗಿಬಿದ್ದಿದ್ದರು. ವಿಲಿಯಂ ಸ್ಟರ್ಟ್ ಎಂಬ ಮಾಜಿ ಸೈನಿಕ ಊರಿನವರಿಗೆ ಕೋವಿ ಹಿಡಿಯಲು ಕಲಿಸಿ ದಳ ಕಟ್ಟಿದ. ಹಳ್ಳಿಯನ್ನು ಸುಟ್ಟುಹಾಕುತ್ತೇನೆ ಅಂತ ಮೊದಲೇ ಹೇಳಿಕಳಿಸಿದ ಕಿಂಗ್ಸ್‌ಮಿಲ್ ಹೇಳಿದ ದಿನಕ್ಕೇ ಬಂದ, ಹೆಣಗಳನ್ನು ಬಿಟ್ಟು ಓಡಿದ. 1749ರಲ್ಲಿ ಗ್ಯಾಲಿ ಮತ್ತು ಚೇಟರನ ಕೊಲೆಗಾರರಿಗೆ ಚಿಚೆಸ್ಟರ್‌ನಲ್ಲಿ ಗಲ್ಲಾಯಿತು. ಅದೇ ವರ್ಷ ಕಿಂಗ್ಸ್‌ಮಿಲ್‌ಗೆ ಲಂಡನ್‌ನ ಟೈಬರ್ನ್‌ನಲ್ಲಿ. ಅವನ ಹೆಣವನ್ನು ತಂದು ಗೌಡ್‌ಹರ್ಸ್ಟ್‌ನಲ್ಲೇ ಸರಪಳಿಯಲ್ಲಿ ನೇತುಹಾಕಿದರು.

ಮಲಗಲು ಹೋಗುವಾಗ ಮಾವ ಮೆಟ್ಟಿಲಿನ ಪಕ್ಕದ ಬಾಗಿಲುಗಳ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಹೋದರು. ಗ್ಯಾಲಿಯ ಹೆಸರಿನ ರೂಮು ಕಾಣಲಿಲ್ಲ.

ಭಾನುವಾರ

ಸಮುದ್ರ ಹುಡುಕಿಕೊಂಡು ಹೊರಟೆವು. ಊರಿನಿಂದ ದಕ್ಷಿಣಕ್ಕೆ ಕುರಿ ಮೇಯುವ ಬಯಲಿನ ನಡುವೆ ಕಾಲುದಾರಿ. ಮೊದಲು ಸಿಗುವುದು ಕ್ಯಾಂಬರ್ ಕ್ಯಾಸಲ್, 8ನೇ ಹೆನ್ರಿ ಕಟ್ಟಿಸಿದ ಕಡಲ ಕೋಟೆ. ಫ್ರೆಂಚ್ ಹಡಗುಗಳನ್ನು ತಡೆಯಲು ನೀರಿನ ಅಂಚಿನಲ್ಲೇ ನಿಲ್ಲಿಸಿದ್ದು. ಈಗ ಅದರ ಸುತ್ತ ಒಂದು ದೋಣಿ ತೇಲಿಸುವಷ್ಟೂ ನೀರಿಲ್ಲ. ಕಟ್ಟಿ ನೂರು ವರ್ಷ ತುಂಬುವ ಮೊದಲೇ, 1637ರಲ್ಲಿ, ಕೋಟೆಯನ್ನು ಬಿಟ್ಟು ಹೋದರು. ಕಾಯಲು ಕಡಲೇ ಇರಲಿಲ್ಲ.

ರೈ ಊರಿಗೆ ಬಂದರು ಕೊಟ್ಟದ್ದೂ ಕಡಲು, ಕಿತ್ತುಕೊಂಡದ್ದೂ ಕಡಲು. 1287ರ ಬಿರುಗಾಳಿಯಲ್ಲಿ ಹಳೆಯ ವಿಂಚೆಲ್ಸಿ ಊರು ಮುಳುಗಿಯೇ ಹೋಯಿತು. ಈಗಿರುವ ವಿಂಚೆಲ್ಸಿ ಗುಡ್ಡದ ಮೇಲೆ ಕಟ್ಟಿದ ಹೊಸ ಊರು. ಅದೇ ಬಿರುಗಾಳಿಗೆ ನ್ಯೂ ರಾಮ್ನಿಯ ಬಂದರು ಮುಚ್ಚಿ, ಅಲ್ಲಿ ಸಮುದ್ರ ಸೇರುತ್ತಿದ್ದ ರಾಥರ್ ನದಿ ರೈ ಕಡೆಗೆ ತಿರುಗಿತು. ರೈ ಬೆಳೆಯಿತು. ಆಮೇಲೆ ಹೂಳು ತುಂಬತೊಡಗಿತು. ಇದರಲ್ಲಿ ಮನುಷ್ಯರ ಪಾಲೂ ಇದೆ. ಉಪ್ಪುಕೆಸರಿಗೆ ಒಡ್ಡು ಕಟ್ಟಿ ಹುಲ್ಲುಗಾವಲು ಮಾಡಿದಷ್ಟೂ ಉಬ್ಬರದ ನೀರು ಒಳಗೆ ಹರಡಲು ಜಾಗ ಕಡಿಮೆ. ಇಳಿಯುವಾಗ ಹೂಳನ್ನು ತೊಳೆದು ಒಯ್ಯುವ ರಭಸವೂ ಕಡಿಮೆ. ಕುರಿ ಸಾಕುವ ಜಮೀನ್ದಾರರಿಗೂ ಹಡಗು ನಡೆಸುವ ವ್ಯಾಪಾರಿಗಳಿಗೂ ಇದೇ ವಿಷಯಕ್ಕೆ ಶತಮಾನಗಳ ಜಗಳ. ಗೆದ್ದದ್ದು ಯಾರು ಅಂತ ದಾರಿಯುದ್ದಕ್ಕೂ 'ಬ್ಯಾ' ಅನ್ನುತ್ತಿದ್ದವು.

ದೊಡ್ಡ ಹಡಗು ಬಾರದ ಬಂದರು ಬಡವಾಗುತ್ತದೆ. ಬಡ ಬಂದರಿನಲ್ಲಿ ಸಣ್ಣ ದೋಣಿ, ಕತ್ತಲು, ಕಾಲುವೆಯ ಒಳದಾರಿ ಬಲ್ಲ ಜನ ಮಾತ್ರ ಉಳಿಯುತ್ತಾರೆ. ಮರ್ಮೇಡ್‌ನ ಕಿಟಕಿಗೆ ಪಿಸ್ತೂಲು ಬಂದದ್ದು ಹೀಗೆ ಅನ್ನುವುದು ನನ್ನ ಊಹೆ. ಮಾವ ಅರ್ಧ ಮಾತ್ರ ಒಪ್ಪಿದರು. "ಬಡತನ ಹೊರುವವನಿಗೆ. ಹೊರಿಸುವವನಿಗೆ ಎಂಥ ಬಡತನ?"

ಟೀ ಕಳ್ಳಸಾಗಣೆಯನ್ನು ಕೊನೆಗೆ ಮುರಿದದ್ದು ಗಲ್ಲುಗಂಬವೂ ಅಲ್ಲ. 1784ರಲ್ಲಿ ಪ್ರಧಾನಿ ವಿಲಿಯಂ ಪಿಟ್ ಟೀ ಮೇಲಿನ ತೆರಿಗೆಯನ್ನು ಶೇಕಡಾ 119ರಿಂದ 12.5ಕ್ಕೆ ಇಳಿಸಿದ. ಹೋದ ಆದಾಯಕ್ಕೆ ಮನೆಯ ಕಿಟಕಿಗಳ ಮೇಲಿನ ತೆರಿಗೆ ಏರಿಸಿದ. ಕಿಟಕಿಯನ್ನು ರಾತ್ರಿ ದೋಣಿಯಲ್ಲಿ ಸಾಗಿಸಲು ಆಗುವುದಿಲ್ಲವಲ್ಲ! ಜನ ಅದಕ್ಕೂ ಉಪಾಯ ಕಂಡುಕೊಂಡರು, ಇಟ್ಟಿಗೆ ಇಟ್ಟು ಕಿಟಕಿ ಮುಚ್ಚಿದರು. ಅಂದಹಾಗೆ ಈ ಟೀ ಎಲ್ಲ ಚೀನಾದ್ದು. ಅಸ್ಸಾಂ ಟೀ ಲಂಡನ್ನಿಗೆ ಹೊರಟದ್ದು 1838ರಲ್ಲಿ.

"ನಮ್ಮಲ್ಲೂ ಅದೇ ಆದದ್ದು" ಅಂದರು ಮಾವ. 1968ರ ಚಿನ್ನ ನಿಯಂತ್ರಣ ಕಾಯ್ದೆ ಇದ್ದಷ್ಟು ಕಾಲ ಅವರಿಗೆ ನಿದ್ದೆ ಇರಲಿಲ್ಲ. 1990ರಲ್ಲಿ ಅದು ರದ್ದಾಯಿತು, ಆಮೇಲೆ ಆಮದಿಗೂ ದಾರಿ ಬಿಟ್ಟರು. "ನಾವು ಇಪ್ಪತ್ತು ವರ್ಷ ಓಡಿ ಹಿಡಿದದ್ದಕ್ಕಿಂತ ಜಾಸ್ತಿ ಅವರು ಡೆಲ್ಲಿಯಲ್ಲಿ ಒಂದು ಸಹಿ ಹಾಕಿ ನಿಲ್ಲಿಸಿದರು. ಸುಂಕ ಏರಿಸಿ ನೋಡು, ಮತ್ತೆ ಶುರು."

"ಹಾಗಾದರೆ ಸುಂಕ ತಪ್ಪಿಸುವವರದ್ದು ತಪ್ಪಿಲ್ಲ ಅಂತೀರಾ?" ಅಂದೆ.

"ನಾನು ಹಾಗೆಲ್ಲಿ ಹೇಳಿದೆ ಮಾರಾಯ್ತಿ!"

ಇವರು ಹಿಂದಿನಿಂದ, "ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡ್ರೆ ಇಷ್ಟೇ" ಅಂದರು. ಮಾವ ಅರ್ಧ ಮೈಲಿ ಮಗನ ಜೊತೆ ಮಾತಾಡಲಿಲ್ಲ.

ರೈ ಹಾರ್ಬರ್ ಎಂಬ ಪುಟ್ಟ ಊರು ದಾಟಿದರೆ ಬರೀ ಬೆಣಚುಕಲ್ಲಿನ ದಂಡೆ, ಹಕ್ಕಿಗಳು. ಮುಂದೆ ಒಂಟಿಯಾಗಿ ನಿಂತ ಕಾಂಕ್ರೀಟ್ ಶೆಡ್ಡು. ಅದು ಹಳೆಯ ಲೈಫ್‌ಬೋಟ್ ಮನೆ. 1928ರ ನವೆಂಬರ್ 15ರ ಬೆಳಗಿನ ಜಾವ ಬಿರುಗಾಳಿಯಲ್ಲಿ ಒಂದು ಹಡಗು ಅಪಾಯದಲ್ಲಿದೆ ಅಂತ ಸುದ್ದಿ ಬಂದು 'ಮೇರಿ ಸ್ಟ್ಯಾನ್‌ಫರ್ಡ್' ದೋಣಿ ಹೊರಟಿತು. ಎಂಜಿನ್ ಇಲ್ಲದ, ಹುಟ್ಟು ಹಾಕುವ ದೋಣಿ. ಆ ಹಡಗಿನವರನ್ನು ಬೇರೆ ಹಡಗು ಆಗಲೇ ಕಾಪಾಡಿತ್ತು. ವಾಪಸ್ ಬನ್ನಿ ಎಂಬ ಸಂಕೇತ ಹಾರಿಸಿದಾಗ ದೋಣಿ ದೂರ ಹೋಗಿಯಾಗಿತ್ತು. ಮರಳಿ ಬರುವಾಗ ಮಗುಚಿತು. ಅದರಲ್ಲಿದ್ದ 17 ಜನರೂ ಸತ್ತರು. ಅಣ್ಣತಮ್ಮಂದಿರು, ಅಪ್ಪಮಕ್ಕಳು, ಎಲ್ಲ ಈ ಪುಟ್ಟ ಊರಿನವರೇ. ಆಮೇಲೆ ಆ ಶೆಡ್ಡನ್ನು ಮತ್ತೆ ಬಳಸಲಿಲ್ಲ. ಮಾವ ಚಪ್ಪಲಿ ಬಿಟ್ಟು ಒಳಗೆ ಇಣುಕಿದರು.

ಸೋಮವಾರ

ಹೊರಡುವ ಮೊದಲು ಸ್ಟ್ರ್ಯಾಂಡ್ ಕ್ವೇ ಕಡೆ ಒಂದು ಸುತ್ತು. ಬೀದಿಯ ಬುಡದಲ್ಲಿರುವ ಹಳೆಯ ಹಡಗುಕಟ್ಟೆ ಇದು. ಕಪ್ಪು ಹಲಗೆಯ ಗೋಡೌನುಗಳಲ್ಲಿ ಈಗ ಹಳೇ ಸಾಮಾನಿನ ಅಂಗಡಿಗಳು. ಮಾವ ಒಂದು ಹಿತ್ತಾಳೆಯ ತಕ್ಕಡಿಯನ್ನು ಎತ್ತಿ ನೋಡಿ, ಬೆಲೆ ಕೇಳಿ, ಕೆಳಗಿಟ್ಟರು.

ಮರ್ಮೇಡ್ ಇನ್ ಇಷ್ಟು ವರ್ಷ ಒಂದೇ ಸಮ ನಡೆದುಬಂದಿದೆ ಅಂತ ತಿಳಿಯಬೇಡಿ. 20ನೇ ಶತಮಾನದ ಆರಂಭದಲ್ಲಿ ಇದನ್ನು ಕ್ಲಬ್ ಆಗಿ ನಡೆಸಿದವರು ಮೇ ಆಲ್ಡಿಂಗ್ಟನ್, ಕವಿ ರಿಚರ್ಡ್ ಆಲ್ಡಿಂಗ್ಟನ್‌ನ ತಾಯಿ. ಈಗ 31 ರೂಮುಗಳ ಹೋಟೆಲು, ಸರ್ಕಾರದ ರಕ್ಷಿತ ಕಟ್ಟಡ. ತಂಗುವುದು ದುಬಾರಿ ಅನ್ನಿಸಿದರೆ ಬಾರ್‌ಗೆ ಹೋಗಿ ಒಂದು ಟೀ ಕುಡಿದು ಆ ಒಲೆಯ ಮುಂದೆ ಕೂತು ಬಂದರೂ ಸಾಕು. ಮೊಣಕಾಲು ನೋವಿನವರು ಮರ್ಮೇಡ್ ಸ್ಟ್ರೀಟ್ ಹತ್ತುವ ಬದಲು ಇಳಿಯುವ ಹಾಗೆ ದಾರಿ ನೋಡಿಕೊಳ್ಳಿ. ಹೀಲ್ಸ್ ಬೇಡವೇ ಬೇಡ. ಶನಿವಾರ, ಭಾನುವಾರ ಫೋಟೋ ತೆಗೆಯುವವರ ಜಾತ್ರೆ. ಬೀದಿ ಖಾಲಿ ಬೇಕಿದ್ದರೆ ತಿಂಡಿಗೂ ಮೊದಲು ಎದ್ದು ಬನ್ನಿ.

ಬಿಲ್ ಕೊಡುವಾಗ ಮಾವ ಕೌಂಟರಿನ ಹುಡುಗಿಯ ಹತ್ತಿರ, ತಾವು ಇಂಡಿಯಾದಲ್ಲಿ ಕಸ್ಟಮ್ಸ್ ಆಫೀಸರ್ ಆಗಿದ್ದವರು ಅಂತ ಹೇಳಿಕೊಂಡರು. ಅವಳು ನಕ್ಕು, ನಿಮ್ಮವರು ಇಲ್ಲಿಗೆ ಬರುವುದು ಸ್ವಲ್ಪ ತಡವಾಯಿತು ಅಂದಳು. ರೈಲಿನಲ್ಲಿ ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಆಶ್‌ಫರ್ಡ್ ಬರುವಷ್ಟರಲ್ಲಿ ಮಗನ ಫೋನು ಇಸಿದುಕೊಂಡು, ರೋಲೆಂಡ್ಸ್ ಕ್ಯಾಸಲ್‌ಗೆ ರೈಲು ಉಂಟಾ ಅಂತ ನೋಡತೊಡಗಿದ್ದರು. ಉಂಟು. ಮುಂದಿನ ತಿಂಗಳು ಅತ್ತೆಯನ್ನೂ ಕರೆದುಕೊಂಡು ಹೋಗಬೇಕಂತೆ, ಊಟ ಮಾತ್ರ ಮನೆಯಿಂದ ಕಟ್ಟಿಕೊಂಡು.